ರಾಧೆಯ ಪರ ನಿಂತ ಮೊಮ್ಮಗಳು

ತಂಜಾವೂರನ್ನು 1739ರಿಂದ 1763ರವರೆಗೆ ಆಳಿದ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ತಂಜನಾಯಕಿ ಎಂಬ ಕಲಾವಂತೆ ಇದ್ದಳು. ದೊರೆ ಅವಳಿಗೆ ಒಲಿದಿದ್ದ. ಮುಂದೆ ಆ ಒಲವು ತಣ್ಣಗಾಗಿ ಅವನ ಮನಸ್ಸು ತಂಜನಾಯಕಿಯ ಮೊಮ್ಮಗಳು ಮುದ್ದುಪಳನಿಯ ಕಡೆಗೆ ಹರಿಯಿತು. ಸ್ವಲ್ಪ ಕಾಲದ ಮೇಲೆ ಅವನು ಮತ್ತೆ ಅಜ್ಜಿಯ ಬಳಿಗೇ ಹೋದ. ಮೊಮ್ಮಗಳು ಹೊಟ್ಟೆಯ ಉರಿಯನ್ನು ಕಾವ್ಯ ಮಾಡಿದಳು, ಅದೇ ತೆಲುಗಿನ ‘ರಾಧಿಕಾ ಸಾಂತ್ವನಮು’. ಮುದ್ದುಪಳನಿಯ ಬಗ್ಗೆ ಈಚೆಗೆ ಬಂದ ಬರಹಗಳಲ್ಲಿ ಈ ಕತೆ ಮತ್ತೆ ಮತ್ತೆ ಸಿಗುತ್ತದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಕವಯಿತ್ರಿಯರು, ನಡುವೆ ಒಬ್ಬ ರಾಜ. ಓದಿದ ಯಾರಿಗೂ ಮರೆಯುವಂಥದ್ದಲ್ಲ. ನನಗೂ ಮರೆಯಲಾಗಲಿಲ್ಲ. ಆದರೆ ಈ ಕತೆ ಯಾವ ಕಾಗದದ ಮೇಲೆ ನಿಂತಿದೆ ಎಂಬ ಪ್ರಶ್ನೆಯೂ ಜೊತೆಗೇ ಹುಟ್ಟಿ ಬೆನ್ನು ಬಿಡಲಿಲ್ಲ.

ಹುಡುಕಾಟ ಶುರುವಾದದ್ದು ಮನೆಯ ಹತ್ತಿರದ ಹಂಪಿನಗರದ ಗ್ರಂಥಾಲಯದಲ್ಲಿ. ಹೊಸ ಬರಹಗಳಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋದರೆ ಬಹುಪಾಲು ದಾರಿಗಳು ಸೇರುವುದು ಸೂಸಿ ತಾರು ಮತ್ತು ಕೆ. ಲಲಿತಾ 1991ರಲ್ಲಿ ಹೊರತಂದ ಭಾರತೀಯ ಮಹಿಳೆಯರ ಬರಹಗಳ ದೊಡ್ಡ ಸಂಪುಟಕ್ಕೆ. ಮುದ್ದುಪಳನಿ ತನ್ನ ಕಾವ್ಯಪರಂಪರೆಯನ್ನು ಅಜ್ಜಿ ಮತ್ತು ಸೋದರತ್ತೆಯ ಮೂಲಕ ಹೇಳಿಕೊಂಡಿದ್ದಾಳೆಂದೂ ಅವರಿಬ್ಬರೂ ಕವಯಿತ್ರಿಯರೆಂದೂ ಗಟ್ಟಿಯಾಗಿ ಎತ್ತಿ ಹಿಡಿದವರು ಅವರು. ಇದಕ್ಕೆ ಆಧಾರ ಕಾವ್ಯದ ಮೊದಲಲ್ಲೇ ಇದೆ. ತೆಲುಗು ಪ್ರಬಂಧಕಾವ್ಯಗಳಲ್ಲಿ ಕವಿ ತನ್ನ ಕುಲ, ಗುರು, ಪೋಷಕರನ್ನು ಹೇಳಿಕೊಳ್ಳುವ ಪೀಠಿಕೆ ಇರುತ್ತದೆ. ಮುದ್ದುಪಳನಿಯೂ ಹೇಳಿಕೊಂಡಿದ್ದಾಳೆ, ಅದೂ ಸಂಕೋಚವಿಲ್ಲದೆ: ತಾನು ವಿದ್ವಾಂಸರನ್ನು ಸತ್ಕರಿಸಿದವಳು, ಕವಿಗಳು ತಮ್ಮ ಕೃತಿಗಳನ್ನು ತನಗೆ ಅಂಕಿತ ಮಾಡಿದ್ದಾರೆ, ತನ್ನಂಥ ಹೆಣ್ಣು ಇನ್ನೊಬ್ಬಳು ಯಾರು ಎಂಬ ಧಾಟಿಯಲ್ಲಿ. ನಮ್ಮಲ್ಲಿ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಬರೆದು ಆಗಿನ್ನೂ ನೂರು ವರ್ಷ ತುಂಬಿರಲಿಲ್ಲ. ಹೊನ್ನಮ್ಮನ ವಿನಯವನ್ನೇ ಓದಿ ಬೆಳೆದ ಕನ್ನಡಿಗರಿಗೆ ಈ ದನಿ ಹೊಸದು.

ಸಂಬಂಧಗಳ ಸುಳಿವು ಸಿಗಬೇಕಾದದ್ದು ಈ ಪೀಠಿಕೆಯಲ್ಲೇ. ಆದರೆ 1887ರಲ್ಲಿ ಈ ಕಾವ್ಯವನ್ನು ಅಚ್ಚು ಹಾಕಿಸಿದ ವೆಂಕಟನರಸು ಪೀಠಿಕೆಯನ್ನೇ ಬಿಟ್ಟುಬಿಟ್ಟಿದ್ದರು. ಇವರು ನಿಘಂಟುಕಾರ ಸಿ. ಪಿ. ಬ್ರೌನ್‌ ಅವರ ಒಡನಾಡಿಯಾಗಿದ್ದ ಪಂಡಿತರು. ಶೃಂಗಾರ ಹೆಚ್ಚಾಯಿತೆನಿಸಿದ ಪದ್ಯಗಳು ಹೋದವು, ಆಶ್ವಾಸಗಳ ಕೊನೆಯಲ್ಲಿ ಬರುವ ಗದ್ಯಗಳೂ ಹೋದವು. ಕವಯಿತ್ರಿ ಯಾರ ಮಗಳು, ಯಾರ ಮೊಮ್ಮಗಳು ಎಂದು ಹೇಳುವ ಸಾಲುಗಳೇ ಅಚ್ಚಿನಿಂದ ಕಾಣೆಯಾದವು. ಶೃಂಗಾರವನ್ನು ಕತ್ತರಿಸಿದ್ದಕ್ಕೆ ಆ ಕಾಲದ ಮಡಿವಂತಿಕೆ ಕಾರಣ ಎನ್ನಬಹುದು. ವಂಶವನ್ನು ಕತ್ತರಿಸಿದ್ದು ಏಕೆ? ಕಾವ್ಯ ಬೇಕು, ಅದನ್ನು ಬರೆದವಳ ಮನೆತನ ಬೇಡ ಎಂಬ ನಿಲುವು ಅಲ್ಲಿ ಕೆಲಸ ಮಾಡಿದೆ ಎಂದೇ ನಾನು ಓದುತ್ತೇನೆ.

ಹಾಗಾದರೆ ಆ ಸಾಲುಗಳು ನಮಗೆ ಮರಳಿ ಸಿಕ್ಕಿದ್ದು ಹೇಗೆ? ಇಲ್ಲಿಂದ ದಾರಿ ನೇರವಾಗಿ ನಮ್ಮ ಕಡೆಗೇ ತಿರುಗುತ್ತದೆ.

ಬೆಂಗಳೂರಿನ ವಿಜಯನಗರದಿಂದ ಮೈಸೂರು ರಸ್ತೆ ದಾಟಿ ಹನುಮಂತನಗರದ ಕಡೆ ಹೋದರೆ ನರಹರಿರಾಯರ ಗುಡ್ಡ. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಈ ಗುಡ್ಡಕ್ಕೆ ‘ಮೌಂಟ್ ಜಾಯ್’ ಎಂದು ಹೆಸರಿಟ್ಟಿದ್ದರು. ರಾಯರ ಆಶ್ರಯದಲ್ಲಿ ಇಲ್ಲಿ ಹಾಡುತ್ತಿದ್ದವರು ಬೆಂಗಳೂರು ನಾಗರತ್ನಮ್ಮ. ಈಗ ಗುಡ್ಡದ ಮೇಲೆ ಕುಮಾರಸ್ವಾಮಿ ದೇವಸ್ಥಾನವಿದೆ. ಪಳನಿಯ ದೇವರೂ ಅವನೇ, ಮುದ್ದುಪಳನಿಗೆ ಹೆಸರು ಕೊಟ್ಟವನೂ ಅವನೇ. ಇದು ಬರಿಯ ಕಾಕತಾಳೀಯ ಎಂದು ಗೊತ್ತಿದ್ದರೂ ಮೆಟ್ಟಿಲು ಹತ್ತುವಾಗ ನನಗೆ ಸಂತೋಷವಾಯಿತು.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ಸಂಗೀತದ ಮನೆತನದವರು. ತಂದೆ ವಕೀಲ ಸುಬ್ಬರಾಯರು ತಾಯಿ-ಮಗಳನ್ನು ಕೈಬಿಟ್ಟರು. ಮೈಸೂರಿನಲ್ಲಿ ಸಂಸ್ಕೃತ ಪಂಡಿತರೊಬ್ಬರು ಹುಡುಗಿಗೆ ಪಾಠ ಹೇಳಿದರು. ಕೊನೆಗೆ ಆ ಆಸರೆಯೂ ತಪ್ಪಿತು. ಕನ್ನಡ, ತೆಲುಗು, ಸಂಸ್ಕೃತ, ಸಂಗೀತ, ನಾಟ್ಯ ಎಲ್ಲವನ್ನೂ ಕಲಿತು ಹದಿಹರೆಯದಲ್ಲೇ ಸಭೆಯಲ್ಲಿ ಹಾಡುವ ಮಟ್ಟಕ್ಕೆ ಬಂದ ಈಕೆ ಬೆಂಗಳೂರಿನಿಂದ ಮದರಾಸಿಗೆ ಹೋದರು. ತಿರುವೈಯಾರಿನ ತ್ಯಾಗರಾಜರ ಸಮಾಧಿ ಮಂದಿರಕ್ಕೆ ತಮ್ಮ ಒಡವೆ, ಆಸ್ತಿ ಸುರಿದರು. ಸಂಗೀತ ಬಲ್ಲವರಿಗೆಲ್ಲ ಅವರು ಗೊತ್ತಿರುವುದು ಆ ಕೆಲಸದಿಂದ. ಅದಕ್ಕೂ ಎಷ್ಟೋ ವರ್ಷ ಮೊದಲು ಅವರು ಮಾಡಿದ ಕೆಲಸ ಒಬ್ಬ ಸಂಶೋಧಕಿಯದು.

ತಂಜಾವೂರಿನ ಅರಸರ ಕಾಲದ ತೆಲುಗು ಸಾಹಿತ್ಯವನ್ನು ಓದುವಾಗ ಮುದ್ದುಪಳನಿಯ ಹೆಸರು ಅವರ ಕಣ್ಣಿಗೆ ಬಿತ್ತು. ಪುಸ್ತಕ ಹುಡುಕಿಸಿ ತರಿಸಿದರು, ಬಂದದ್ದು ವೆಂಕಟನರಸು ಅವರ ಪಾಠ. ಎಲ್ಲೋ ಏನೋ ಕಡಿಮೆಯಾಗಿದೆ ಎನಿಸಿತು. ಸ್ನೇಹಿತರೊಬ್ಬರ ಮೂಲಕ ಹಸ್ತಪ್ರತಿ ಸಿಕ್ಕಿತು. ಎರಡನ್ನೂ ಎದುರೆದುರು ಇಟ್ಟು ನೋಡಿ, ಬಿಟ್ಟುಹೋಗಿದ್ದ ಪೀಠಿಕೆಯನ್ನೂ ಪದ್ಯಗಳನ್ನೂ ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಸಂಸ್ಥೆಯಿಂದ ಇಡೀ ಕಾವ್ಯವನ್ನು ಹೊರತಂದರು. ಇದನ್ನು ಬರೆದವಳು ಹೆಣ್ಣು, ಅದರಲ್ಲೂ ತಮ್ಮದೇ ದೇವದಾಸಿ ಸಮುದಾಯದಲ್ಲಿ ಹುಟ್ಟಿದ ಹೆಣ್ಣು, ಓದಿದಷ್ಟೂ ಮತ್ತೆ ಓದಬೇಕೆನಿಸುತ್ತದೆ ಎಂಬ ಭಾವವನ್ನು ಅವರು ಮುನ್ನುಡಿಯಲ್ಲಿ ಮುಚ್ಚಿಡಲಿಲ್ಲ. ಪಾಠಾಂತರಗಳನ್ನು ತಾಳೆ ನೋಡುವ ಶಿಸ್ತನ್ನು ನಾವು ವಿಶ್ವವಿದ್ಯಾಲಯಗಳಲ್ಲಿ ಕಲಿಯುತ್ತೇವೆ. ಆಕೆಗೆ ಅದು ಮನೆಯ ಹಿರಿಯಳೊಬ್ಬಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಹಟದಿಂದಲೇ ಬಂತು.

ಇನ್ನು ಕಾವ್ಯಕ್ಕೆ ಬರೋಣ. ನಾಲ್ಕು ಆಶ್ವಾಸ, 584 ಪದ್ಯ, ಶುಕ ಮುನಿ ಜನಕನಿಗೆ ಹೇಳುವ ಕತೆ. ಇಳೆ ಎಂಬ ಹುಡುಗಿಯನ್ನು ಸಾಕಿ ಬೆಳೆಸಿದವಳು ರಾಧೆ. ಅವಳನ್ನು ಕೃಷ್ಣನಿಗೆ ಮದುವೆ ಮಾಡಿಸುವವಳೂ ರಾಧೆಯೇ. ಮೊದಲ ರಾತ್ರಿಗೆ ಹುಡುಗಿಗೆ ಬುದ್ಧಿ ಹೇಳುತ್ತಾಳೆ, ಎಳೆಯವಳು, ಮೆದುವಾಗಿ ನಡೆದುಕೋ ಎಂದು ಕೃಷ್ಣನಿಗೂ ಹೇಳುತ್ತಾಳೆ. ಆಮೇಲೆ ಒಬ್ಬಳೇ ಕೂತು ಬೇಯುತ್ತಾಳೆ. ತಾನೇ ಕೈಯಾರೆ ಒಪ್ಪಿಸಿದ್ದನ್ನು ತಾಳಲಾರದ ಸಂಕಟ ಅದು. ಕೃಷ್ಣ ಬಂದು ರಮಿಸಿದರೆ ಸಿಟ್ಟಿನಿಂದ ಒದೆಯುತ್ತಾಳೆ. ಕೊನೆಗೆ ಸಾಂತ್ವನ.

ಇಲ್ಲಿ ನನ್ನ ಪ್ರಶ್ನೆಗೆ ಒಂದು ತಿರುವು ಸಿಕ್ಕಿತು. ಪ್ರಚಾರದಲ್ಲಿರುವ ಕತೆಯ ಪ್ರಕಾರ ಉರಿದವಳು ಮೊಮ್ಮಗಳು, ರಾಜ ಮರಳಿದ್ದು ಅಜ್ಜಿಯ ಬಳಿಗೆ. ಕಾವ್ಯದಲ್ಲಿ ಉರಿಯುವವಳು ಹಿರಿಯವಳು. ಎಳೆಯವಳಾದ ಇಳೆಗೆ ಅಲ್ಲಿ ದುಃಖವೇ ಇಲ್ಲ. ಬದುಕನ್ನು ಹಾಗೆ ಹಾಗೇ ಕಾವ್ಯಕ್ಕೆ ಇಳಿಸಿದ್ದರೆ ಮುದ್ದುಪಳನಿ ಇಳೆಯ ಬಾಯಿಯಲ್ಲಿ ದೂರು ಹೇಳಿಸಬೇಕಿತ್ತು. ಅವಳು ಹಾಗೆ ಮಾಡಲಿಲ್ಲ. ಕಾವ್ಯದ ಕಸುವನ್ನೆಲ್ಲ, ಸಿಟ್ಟನ್ನೂ ಆಸೆಯನ್ನೂ ಹಕ್ಕಿನ ಮಾತನ್ನೂ ವಯಸ್ಸು ದಾಟುತ್ತಿರುವ ಹೆಣ್ಣಿಗೆ ಕೊಟ್ಟಳು. ತನ್ನ ಸಂಕಟವನ್ನು ಅಜ್ಜಿಯ ಮೈಯಲ್ಲಿಟ್ಟು ನೋಡಿದಳು ಎನ್ನಿ, ತಾನು ಬಂದಾಗ ಅಜ್ಜಿ ಪಟ್ಟಿರಬಹುದಾದ ಸಂಕಟವನ್ನು ಊಹಿಸಿದಳು ಎನ್ನಿ, ಎರಡರಲ್ಲೂ ಅವಳು ನಿಂತಿರುವುದು ಸವತಿಯ ಜಾಗದಲ್ಲಿ.

ಕಲಾವಂತರ ಮನೆಗಳ ಬದುಕನ್ನು ನೆನೆದರೆ ಇದರ ಭಾರ ಇನ್ನೂ ತಿಳಿಯುತ್ತದೆ. ಆ ಮನೆಗಳಲ್ಲಿ ಯಜಮಾನಿಕೆ ಹಿರಿಯ ಹೆಂಗಸಿನದು. ಹಾಡು, ಅಭಿನಯ, ಸಭೆಯಲ್ಲಿ ನಡೆದುಕೊಳ್ಳುವ ರೀತಿ ಎಲ್ಲವನ್ನೂ ಎಳೆಯರಿಗೆ ಕಲಿಸುವವಳು ಅವಳೇ. ಕಲಿತ ಹುಡುಗಿ ಅದೇ ದೊರೆಯ ಮುಂದೆ ಹಾಡಬೇಕು. ಹಾಗಾಗಿ ಕಲಿಸಿದ ಗುರುವೇ ಒಂದು ದಿನ ಸವತಿಯಾಗುವ ಮನೆ ಅದು. ದುರಂತ ಇರುವುದು ಇಲ್ಲಿ, ರಾಜನ ಚಂಚಲತೆಯಲ್ಲಲ್ಲ. ಇಳೆಯನ್ನು ಸಿಂಗರಿಸಿ ಕಳಿಸುವ ರಾಧೆ ಪುರಾಣದಿಂದ ಬಂದವಳಲ್ಲ, ತಂಜಾವೂರಿನ ಆ ಮನೆಯಿಂದಲೇ ಬಂದವಳು ಎಂಬುದು ನನ್ನ ನಂಬಿಕೆ. ಪೀಠಿಕೆಯಲ್ಲಿ ಅಜ್ಜಿಯ ಹೆಸರನ್ನು ಮುದ್ದುಪಳನಿ ಹೇಳುವುದು ಹೆಮ್ಮೆಯಿಂದ. ಹೊಟ್ಟೆಕಿಚ್ಚಿನ ಕತೆ ಹೇಳುವವರು ಈ ಹೆಮ್ಮೆಗೂ ಲೆಕ್ಕ ಕೊಡಬೇಕು.

ನಾಗರತ್ನಮ್ಮನವರ ಪುಸ್ತಕ ಬಂದ ಮೇಲೆ ಆದದ್ದು ಬಲ್ಲವರಿಗೆ ಗೊತ್ತು. ವಿಧವಾ ವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರಂಥ ಸುಧಾರಕರೇ ಮುದ್ದುಪಳನಿಯನ್ನು ಹಳಿದಿದ್ದರು, ಹೆಂಗಸು ಬಾಯಿ ಬಿಡಬಾರದ ಮಾತುಗಳು ಇಲ್ಲಿವೆ ಎಂಬುದು ಅವರ ಆಕ್ಷೇಪ. ನಾಗರತ್ನಮ್ಮ ಸುಮ್ಮನಿರಲಿಲ್ಲ. ನಾಚಿಕೆ ಎನ್ನುವುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ ಎಂದು ಕೇಳಿದರು. ಪಂತುಲು ಅವರೇ ನೋಡಿ ಒಪ್ಪಿದ್ದ ‘ವೈಜಯಂತೀ ವಿಲಾಸಮು’ ಕೃತಿಯಲ್ಲಿ ಇದಕ್ಕಿಂತ ಒರಟಾದ ವರ್ಣನೆಗಳಿವೆ ಎಂದು ತೋರಿಸಿದರು. ಇಷ್ಟಾದರೂ 1911ರಲ್ಲಿ ಮದರಾಸಿನ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು, ಪುಸ್ತಕಕ್ಕೆ ನಿಷೇಧ ಬಿತ್ತು. ಹುಡುಕುವವರಿಗೆ ಈ ನಿಷೇಧದಿಂದ ಆದ ಕೆಡುಕು ದೊಡ್ಡದು. ಪೀಠಿಕೆ ಸಾರ್ವಜನಿಕರ ಕೈಗೆ ಬಂದು ಒಂದೆರಡು ವರ್ಷವಾಗುವಷ್ಟರಲ್ಲಿ ಮತ್ತೆ ಮರೆಯಾಯಿತು. ಮೂಲ ಸಿಗದ ಕಡೆ ಉಳಿಯುವುದು ಬಾಯಿಮಾತು. ರಾಜ, ಅಜ್ಜಿ, ಮೊಮ್ಮಗಳ ಕತೆ ಅಷ್ಟು ಸಲೀಸಾಗಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾಗಿದ್ದಾಗ. ಅದೇ ವರ್ಷ ಮದರಾಸಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ತಡೆಯುವ ಕಾಯ್ದೆಯೂ ಬಂತು. ಹೀಗೆ ಒಂದೇ ವರ್ಷದಲ್ಲಿ ಕವಯಿತ್ರಿಯ ಪುಸ್ತಕಕ್ಕೆ ಬಿಡುಗಡೆ ಸಿಕ್ಕಿತು, ಅವಳು ಹುಟ್ಟಿದಂಥ ಮನೆಗಳ ಬಾಗಿಲು ಮುಚ್ಚಿತು. ಕಾಯ್ದೆಗಾಗಿ ಚಳವಳಿ ನಡೆದ ಕಾಲದಲ್ಲಿ ನಾಗರತ್ನಮ್ಮ ಅದನ್ನು ವಿರೋಧಿಸಿ ದೇವದಾಸಿಯರ ಸಂಘದ ಪರವಾಗಿ ನಿಂತಿದ್ದರು. ಆ ನಿಲುವನ್ನು ಒಪ್ಪದವರು ಇದ್ದಾರೆ. ‘ರಾಧಿಕಾ ಸಾಂತ್ವನಮು’ ಓದಿದವರಿಗೆ ಅದರ ಹಿಂದಿನ ನೋವಾದರೂ ಅರ್ಥವಾಗುತ್ತದೆ. ಕಾವ್ಯ 1952ರಲ್ಲಿ ಮತ್ತೆ ಅಚ್ಚಾಯಿತು, ಪೀಠಿಕೆಯ ಸಮೇತ. ನಾಗರತ್ನಮ್ಮ ತೀರಿಕೊಂಡದ್ದೂ ಆ ವರ್ಷವೇ, ಮೇ ತಿಂಗಳಲ್ಲಿ. ಅಜ್ಜಿ-ಮೊಮ್ಮಗಳ ಕತೆಯನ್ನು ಹೇಳಲು ಹೊರಡುವವರು ಮೊದಲು ಓದಬೇಕಾದದ್ದು ಆಕೆ ಹುಡುಕಿ ಸೇರಿಸಿದ ಆ ಕೆಲವು ಪುಟಗಳನ್ನು.