ಮಾತ್ರಾಪ್ರಸ್ತಾರವೂ ಪೂರ್ಣಾಂಕವಲ್ಲದ ಆಧಾರದ ಸಂಖ್ಯಾಲೇಖನವೂ

ಶರಾವತಿಯ ದಡದಲ್ಲಿ, ಹೊನ್ನಾವರ ತಾಲ್ಲೂಕಿನ ಕಾಡಿನ ನಡುವೆ, ಗೇರುಸೊಪ್ಪೆಯ ಚತುರ್ಮುಖ ಬಸದಿಯು ಇಂದಿಗೂ ನಿಂತಿರುವುದು. ಸಂಸ್ಕೃತದಲ್ಲಿ ಭಲ್ಲಾತಕೀಪುರವೆಂದೂ ಕ್ಷೇಮಪುರವೆಂದೂ ಹೆಸರು ಪಡೆದಿದ್ದ ಈ ನಗರವು ೧೬೨೩ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲ್ಲೆಯು ಇಕ್ಕೇರಿಗೆ ಹೋಗುವ ದಾರಿಯಲ್ಲಿ ಕಂಡಾಗಲೇ ಹಾಳುಬಿದ್ದಿತ್ತು. ಚೆನ್ನಭೈರಾದೇವಿಯ ಹೆಸರನ್ನೂ ಮೆಣಸಿನ ವ್ಯಾಪಾರವನ್ನೂ ಎಲ್ಲರೂ ಬಲ್ಲರು. ಆದರೆ ಅದಕ್ಕೆ ಮುಂಚಿನ ವಿದ್ವತ್ತಿನ ವಿಷಯವನ್ನು ನೆನೆಯುವವರು ವಿರಳ. ಪೂರ್ವಕವಿಗಳ ಪದ್ಯಗಳನ್ನು ೪೫ ವಿಷಯಗಳಾಗಿ ವಿಂಗಡಿಸಿ ೧೫೩೩ರಲ್ಲಿ ಕಾವ್ಯಸಾರವನ್ನು ಸಂಕಲಿಸಿದ ವಾದಿ ವಿದ್ಯಾನಂದನು ಈ ಊರಿನವನು. ಸುಮಾರು ೧೫೫೦ರಲ್ಲಿ ಜೈನಭಾರತವನ್ನು ಷಟ್ಪದಿಯಲ್ಲಿ ಬರೆದ ಸಾಳ್ವಕವಿಯು ಸಾಳ್ವಮಲ್ಲನ ಆಸ್ಥಾನದವನು.

ಸಾಳ್ವಕವಿಯ ಷಟ್ಪದಿಯನ್ನು ಪಾಠ ಹೇಳುವವರು ಗಣಗಳನ್ನು ಗೀಟು ಹಾಕಿ ವಿಭಾಗಿಸಿ ಅಲ್ಲಿಗೇ ನಿಲ್ಲುವರು. ನಾನು ಓದಿದ ಪಾಠಶಾಲೆಯಲ್ಲಿಯೂ ಷಟ್ಪ್ರತ್ಯಯಗಳ ಭಾಗವನ್ನು, ಅದು ಪರೀಕ್ಷೆಗೆ ಬಾರದೆಂಬ ಒಂದೇ ಕಾರಣದಿಂದ, ಮಗುಚಿಬಿಟ್ಟಿದ್ದರು. ನಾಗವರ್ಮನು ತನ್ನ ಛಂದೋಂಬುಧಿಯ ಕಡೆಯ ಅಧಿಕಾರವನ್ನೂ, ಕನ್ನಡನಾಡಿನ ಜಯಕೀರ್ತಿಯು ತನ್ನ ಸಂಸ್ಕೃತ ಛಂದೋನುಶಾಸನದ ಎಂಟನೆಯ ಅಧಿಕಾರವನ್ನೂ ಈ ಲೆಕ್ಕಕ್ಕೇ ಮೀಸಲಿರಿಸಿದುದು ವ್ಯರ್ಥಶ್ರಮವಲ್ಲ. ಇಪ್ಪತ್ತನೆಯ ಶತಮಾನದ ಗಣಿತಜ್ಞರು ಪೂರ್ಣಾಂಕವಲ್ಲದ ಆಧಾರದಲ್ಲಿ ಸಂಖ್ಯೆಗಳನ್ನು ಬರೆಯುವುದೆಂದು ಯಾವುದನ್ನು ಕರೆದರೋ ಅದರ ಹೊಸ್ತಿಲಿಗೆ ಮಾತ್ರಾಪ್ರಸ್ತಾರವು ನಮ್ಮನ್ನು ತಂದು ನಿಲ್ಲಿಸುವುದು. ಕನ್ನಡದ ಷಟ್ಪದಿಯಾದರೋ ಅಲ್ಲಿ ತನ್ನದೇ ಆದ ಒಂದು ವಿಶೇಷವನ್ನು ತೋರಿಸುವುದು. ಇದೇ ಈ ಲೇಖನದ ಪ್ರತಿಪಾದ್ಯ.

ಗುರುವನ್ನು ಗ ಎಂದೂ ಲಘುವನ್ನು ಲ ಎಂದೂ ಬರೆಯೋಣ. ನಾಲ್ಕು ಮಾತ್ರೆಗಳ ಪ್ರಸ್ತಾರವು ಗಗ, ಲಲಗ, ಲಗಲ, ಗಲಲ, ಲಲಲಲ ಎಂದು ಐದು. ಕೊನೆಯಲ್ಲಿ ಗುರುವಿದ್ದರೆ ಉಳಿದುದು ಎರಡು ಮಾತ್ರೆ ಕಡಿಮೆಯ ಪ್ರಸ್ತಾರ, ಲಘುವಿದ್ದರೆ ಒಂದು ಮಾತ್ರೆ ಕಡಿಮೆಯದು. ಆದುದರಿಂದ ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು ದೊರೆಯುವುದು: ೧, ೨, ೩, ೫, ೮, ೧೩, ೨೧. ಆರನೆಯ ಮತ್ತು ಎಂಟನೆಯ ಶತಮಾನಗಳ ನಡುವೆ ಇದ್ದ ವಿರಹಾಂಕನೂ, ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಗುಜರಾತಿನ ಹೇಮಚಂದ್ರನೂ ಇದನ್ನು ಹೇಳಿರುವರು. ಫಿಬೊನಾಚಿಯ ಗ್ರಂಥವು ಹುಟ್ಟಿದುದು ೧೨೦೨ರಲ್ಲಿ.

ಈ ಶ್ರೇಢಿಯನ್ನು ಈಗ ಅನೇಕರು ಬಲ್ಲರು. ಉದ್ದಿಷ್ಟ ನಷ್ಟಗಳ ಕಡೆಗೆ ಮಾತ್ರ ಸಾಕಷ್ಟು ಗಮನ ಹರಿದಿಲ್ಲ. ಉದ್ದಿಷ್ಟವೆಂದರೆ ಕೊಟ್ಟ ರೂಪವು ಎಷ್ಟನೆಯದೆಂದು ತಿಳಿಯುವುದು. ಅದರ ಕ್ರಮ ಹೀಗೆ: ಶ್ರೇಢಿಯ ಅಂಕಗಳನ್ನು ಅನುಕ್ರಮವಾಗಿ, ಲಘುವಿಗೆ ಮೇಲೆ ಒಂದು, ಗುರುವಿಗೆ ಮೇಲೊಂದು ಕೆಳಗೊಂದು ಬರೆದು, ಗುರುಗಳ ತಲೆಯ ಮೇಲಿನ ಅಂಕಗಳನ್ನು ಕೂಡಿಸಿ ಕಡೆಯ ಅಂಕದಿಂದ ಕಳೆಯಬೇಕು. ಲಗಲದಲ್ಲಿ ಗುರುವಿನ ಮೇಲೆ ೨ ಬರುವುದು. ೫ರಲ್ಲಿ ೨ ಹೋದರೆ ೩. ಅದು ಮೂರನೆಯ ರೂಪ. ನಷ್ಟವು ಇದರ ವಿಲೋಮ. ಆರು ಮಾತ್ರೆಗಳ ನಾಲ್ಕನೆಯ ರೂಪವಾವುದು ಎಂದರೆ, ೧೩ರಲ್ಲಿ ೪ನ್ನು ಕಳೆದು ಉಳಿದ ೯ರಿಂದ ಸಾಧ್ಯವಾದ ಅತಿ ದೊಡ್ಡ ಅಂಕವನ್ನು, ಎಂದರೆ ೮ನ್ನು, ಕಳೆಯಬೇಕು. ಮಿಕ್ಕ ೧ರಲ್ಲಿ ೫, ೩, ೨ ಹೋಗವು, ೧ ಹೋಗುವುದು. ಕಳೆದ ಅಂಕದ ಮಾತ್ರೆಯು ತನ್ನ ಮುಂದಿನ ಮಾತ್ರೆಯೊಡನೆ ಕೂಡಿ ಗುರುವಾಗುವುದು. ಉತ್ತರವು ಗಲಲಗ.

ವಾಚಕರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗುರುವೊಂದು ಎರಡು ಸ್ಥಾನಗಳನ್ನು ಆಕ್ರಮಿಸುವುದರಿಂದ ಕಳೆಯಲ್ಪಟ್ಟ ಅಂಕಗಳು ಎಂದಿಗೂ ಅಕ್ಕಪಕ್ಕದವುಗಳಾಗಲಾರವು. ಆದುದರಿಂದ ಪ್ರತಿಯೊಂದು ಸಂಖ್ಯೆಯೂ ಶ್ರೇಢಿಯ ಪರಸ್ಪರ ತಗುಲದ ಅಂಕಗಳ ಮೊತ್ತವಾಗಿ ಒಂದೇ ರೀತಿಯಲ್ಲಿ ಬರೆಯಲ್ಪಡುವುದು. ಬೆಲ್ಜಿಯಂ ದೇಶದ ಜೆಕೆಂಡಾರ್ಫನು ೧೯೭೨ರಲ್ಲಿ ಪ್ರಕಟಿಸಿ ತನ್ನ ಹೆಸರನ್ನು ಪಡೆದ ಸಿದ್ಧಾಂತವು ಇದೇ.

ಇನ್ನು ಆಧಾರದ ಮಾತು. ನಮ್ಮ ದಶಗುಣೋತ್ತರ ಕ್ರಮದಲ್ಲಿ ಪ್ರತಿ ಸ್ಥಾನವೂ ಹಿಂದಿನದರ ಹತ್ತರಷ್ಟು. ಪಿಂಗಳನ ವರ್ಣಪ್ರಸ್ತಾರದಲ್ಲಿ ಎರಡರಷ್ಟು. ಮಾತ್ರಾಶ್ರೇಢಿಯಲ್ಲಿ ಒಂದು ಸ್ಥಾನವು ಹಿಂದಿನದರ ಇಷ್ಟರಷ್ಟೆಂದು ಪೂರ್ಣಾಂಕದಲ್ಲಿ ಹೇಳಲಾಗದು. ಮುಂದುವರಿದಂತೆಲ್ಲ ಅದು ೧.೬೧೮ ಎಂಬ ಸುವರ್ಣಾನುಪಾತಕ್ಕೆ ಹತ್ತಿರವಾಗುತ್ತ ಹೋಗುವುದು. ಈ ಅನುಪಾತವನ್ನೇ ಆಧಾರವಾಗಿಟ್ಟು ಸಂಖ್ಯೆಗಳನ್ನು ಬರೆಯಬಹುದೆಂದು ೧೯೫೭ರಲ್ಲಿ ಅಮೆರಿಕದ ಹನ್ನೆರಡು ವರ್ಷದ ಬಾಲಕ ಜಾರ್ಜ್ ಬರ್ಗ್‌ಮನ್ ತೋರಿಸಿದನು. ಅದೇ ವರ್ಷ ಹಂಗೇರಿಯ ರೆನ್ಯಿಯು ಯಾವ ಆಧಾರಕ್ಕಾದರೂ ಸಲ್ಲುವ ಕ್ರಮವನ್ನು ವಿಚಾರಿಸಿದನು. ಒಂದಕ್ಕಿಂತ ಕಡಿಮೆಯಾದ ರಾಶಿಯನ್ನು ಆಧಾರದಿಂದ ಗುಣಿಸಿ, ಪೂರ್ಣಭಾಗವನ್ನು ಅಂಕವಾಗಿ ಬರೆದುಕೊಂಡು, ಶೇಷವನ್ನು ಮರಳಿ ಗುಣಿಸುತ್ತ ಹೋಗುವುದೇ ಆ ಕ್ರಮ. ಶೇಷವು ಹೀಗೆ ಅಲೆಯುತ್ತಿರುವಾಗ, ಬಹುಮಟ್ಟಿಗೆ ಯಾವ ರಾಶಿಯಿಂದ ಹೊರಟರೂ, ಒಂದೊಂದು ಭಾಗದಲ್ಲಿ ನಿಯತವಾದ ಪ್ರಮಾಣದಷ್ಟೇ ಬಾರಿ ಬೀಳುವುದೆಂಬುದು ಅವನ ಸಿದ್ಧಾಂತ. ಯಾವ ಅಂಕಮಾಲೆಗಳು ಸಲ್ಲುವುವು, ಯಾವುವು ಸಲ್ಲವು ಎಂಬುದನ್ನು ಒಂದು ಎಂಬ ಸಂಖ್ಯೆಯ ವಿಸ್ತಾರವೇ ನಿರ್ಣಯಿಸುವುದೆಂದು ೧೯೬೦ರಲ್ಲಿ ಪ್ಯಾರಿಯು ಹೇಳಿದನು. ಸುವರ್ಣಾನುಪಾತದಲ್ಲಿ ಆ ನಿಷೇಧವು ಎರಡು ೧ಗಳು ಒತ್ತಾಗಿ ಬರಬಾರದೆಂಬುದು; ಎಂದರೆ ನಮ್ಮ ಗುರುವಿನ ನಿಯಮವೇ.

೧ನ್ನೂ ಅದರ ಪಕ್ಕದ ೦ಯನ್ನೂ ಕೂಡಿಸಿ ಗುರುವೆಂದೂ, ಮಿಕ್ಕ ೦ಗಳನ್ನು ಲಘುಗಳೆಂದೂ ಓದಿದರೆ, ರೆನ್ಯಿಯ ಪ್ರಮಾಣದಂತೆ ಸಾವಿರ ಸ್ಥಾನಗಳಿಗೆ ಸುಮಾರು ೨೭೬ ಗುರುಗಳೂ ೪೪೭ ಲಘುಗಳೂ ಬರುವುವು. ಅವುಗಳ ಅನುಪಾತವು ಮತ್ತೆ ಆ ೧.೬೧೮ ಎಂಬುದೇ. ಲಗಕ್ರಿಯೆಯಿಂದ ಎಣಿಸಿದರೆ ನಾಲ್ಕು ಮಾತ್ರೆಗಳ ಪ್ರಸ್ತಾರದಲ್ಲಿ ೧೦ ಲಘು, ೫ ಗುರು. ಹದಿನಾಲ್ಕು ಮಾತ್ರೆಗಳ ೬೧೦ ರೂಪಗಳಲ್ಲಿ ೩೯೭೦ ಲಘು, ೨೨೮೫ ಗುರು, ಅನುಪಾತ ೧.೭೪. ಮಾತ್ರೆಗಳು ಹೆಚ್ಚಿದಂತೆ ಅದು ಇಳಿದು ಸುವರ್ಣಾನುಪಾತವನ್ನು ಸೇರುವುದು.

ಇಷ್ಟರಿಂದ ವಿರಹಾಂಕನು ಈ ಆಧಾರವನ್ನು ಬಲ್ಲವನಾಗಿದ್ದನೆಂದು ಘೋಷಿಸುವವರಿದ್ದಾರೆ. ನಾನು ಒಪ್ಪಲಾರೆ. ಛಾಂದಸರ ಅಂಕಗಳು ಪೂರ್ಣಾಂಕಗಳು, ಅವರ ಪ್ರಸ್ತಾರಗಳು ಸಾಂತವಾದುವು. ಅನುಪಾತವನ್ನೂ ಕೊನೆಯಿಲ್ಲದ ಅಂಕಮಾಲೆಯನ್ನೂ ಅವರು ಕೇಳಿದವರಲ್ಲ. ಬರೆವ ಕ್ರಮವು ಅವರದು. ಆ ಕ್ರಮದಲ್ಲಿ ಶೇಷವು ಅಲೆಯುವ ಗತಿಯ ವಿಚಾರವು ರೆನ್ಯಿಯದು. ಇಲ್ಲದ ಕೀರ್ತಿಯನ್ನು ಹೊರಿಸಿದರೆ ಇರುವ ಕೀರ್ತಿಗೂ ಕುಂದು ಬರುವುದು.

ಕನ್ನಡದ ವಿಶೇಷವು ಇನ್ನು ಮುಂದೆ. ಷಟ್ಪದಿಯ ಯಾವ ಗಣವೂ ಲಘು ಗುರುಗಳಿಂದ ಮೊದಲಾಗಬಾರದೆಂಬ ನಿಯಮವನ್ನು ಉಪಾಧ್ಯಾಯರೆಲ್ಲರೂ ಹೇಳಿಕೊಡುವರು; ಕಾರಣವನ್ನು ಹೇಳುವವರು ಕಡಮೆ. ಪ್ರಾಕೃತಮೂಲದ ಕಂದದಲ್ಲಿ ಜಗಣಕ್ಕೆ ವಿಷಮಸ್ಥಾನಗಳಲ್ಲಿ ಮಾತ್ರ ನಿಷೇಧ. ಆರನೆಯ ಸ್ಥಾನದಲ್ಲಾದರೋ ಜಗಣ ಅಥವಾ ಸರ್ವಲಘುವೇ ಬರಬೇಕು. ಹೀಗಿರಲು ಷಟ್ಪದಿಯ ನಿಷೇಧವು ಅಲ್ಲಿಂದ ಬಂದುದಲ್ಲ. ಅದು ನಮ್ಮ ಅಂಶಗಣಗಳಿಂದ ಉಳಿದು ಬಂದುದೆಂದು ನನ್ನ ಅಭಿಪ್ರಾಯ. ನಾಗವರ್ಮನ ಕಾಲದಲ್ಲಿ ಷಟ್ಪದಿಯು ಅಂಶಗಣದ್ದಾಗಿದ್ದಿತಷ್ಟೆ. ಅಂಶಗಣದಲ್ಲಿ ಮೊದಲನೆಯ ಅಂಶವು ಒಂದು ಗುರು ಅಥವಾ ಎರಡು ಲಘು. ಉಳಿದ ಅಂಶಗಳು ಗುರು ಅಥವಾ ಲಘು. ಆದುದರಿಂದಲೇ ಬ್ರಹ್ಮಗಣವು ೪, ವಿಷ್ಣುಗಣವು ೮, ರುದ್ರಗಣವು ೧೬ ಎಂದು ಎರಡರ ಘಾತಗಳಲ್ಲಿ ಬೆಳೆಯುವುವು. ಇದು ಪೂರ್ಣಾಂಕದ ಆಧಾರ. ಲಘುವಿನಿಂದ ಆರಂಭವಾದರೆ ಮತ್ತೊಂದು ಲಘು ಬಂದೇ ತೀರಬೇಕಾದುದರಿಂದ ಲಗಾದಿಗೆ ಅಲ್ಲಿ ಸ್ಥಳವೇ ಇಲ್ಲ.

ಷಟ್ಪದಿಯು ಮಾತ್ರಾಗಣಕ್ಕೆ ತಿರುಗಿದಾಗ ಈ ತಲೆಯನ್ನು ಬಿಡಲಿಲ್ಲ. ಮೊದಲ ಎರಡು ಮಾತ್ರೆಗಳು ಗುರು ಅಥವಾ ಎರಡು ಲಘು, ಎಂದರೆ ಎರಡು ಪಕ್ಷ; ಮಿಕ್ಕ ಮಾತ್ರೆಗಳಲ್ಲಿ ಸ್ವೇಚ್ಛೆಯ ಮಾತ್ರಾಪ್ರಸ್ತಾರ. ಆದುದರಿಂದ ಮೂರು ಮಾತ್ರೆಯ ಗಣಕ್ಕೆ ೩ರ ಬದಲು ೨, ನಾಲ್ಕರದಕ್ಕೆ ೫ರ ಬದಲು ೪, ಐದರದಕ್ಕೆ ೮ರ ಬದಲು ೬ ರೂಪಗಳು. ಗಣದ ತಲೆ ಎರಡರ ಆಧಾರದಲ್ಲಿ, ಮೈ ಸುವರ್ಣಾನುಪಾತದ ಆಧಾರದಲ್ಲಿ! ಎರಡು ಸಂಖ್ಯಾಕ್ರಮಗಳು ಒಂದೇ ಗಣದಲ್ಲಿ ಹೀಗೆ ಸಂಧಿಸಿರುವುದನ್ನು ಸಂಸ್ಕೃತದ ಮಾತ್ರಾವೃತ್ತಗಳಲ್ಲಿ ನಾನು ಕಂಡಿಲ್ಲ.

ಷಟ್ಪದಿಗಳಲ್ಲಿ ಅತಿಪ್ರಚುರವಾದ ಭಾಮಿನಿಯನ್ನು ತೆಗೆದುಕೊಳ್ಳೋಣ. ಅದರ ಮೊದಲ ಪಾದವು ೩, ೪, ೩, ೪ ಎಂದು ಹದಿನಾಲ್ಕು ಮಾತ್ರೆ. ಗಣವಿಭಾಗವಿಲ್ಲದಿದ್ದರೆ ರೂಪಗಳು ೬೧೦; ಗಣವಿಭಾಗವನ್ನು ಪಾಲಿಸಿದರೆ ೨೨೫; ಲಗಾದಿಯನ್ನೂ ವರ್ಜಿಸಿದರೆ ೬೪. ಒಂದು ಮಾತ್ರೆಗೆ ಬೀಳುವ ವೃದ್ಧಿಯು ಸುವರ್ಣಾನುಪಾತದಿಂದ ೧.೩೪೬ಕ್ಕೆ ಇಳಿಯುವುದು. ಈ ೬೪ ರೂಪಗಳಲ್ಲಿ ೫೧೨ ಲಘು, ೧೯೨ ಗುರು. ಎಂದರೆ ಎಂಟಕ್ಕೆ ಮೂರು. ೧.೭೪ ಇದ್ದ ಅನುಪಾತವು ೨.೬೭ಕ್ಕೆ ಏರಿತು. ಭಾಮಿನಿಯ ಲಘುಬಾಹುಳ್ಯದ ಓಟವನ್ನು ಕವಿಯ ಚಾತುರ್ಯಕ್ಕೇ ಸಲ್ಲಿಸುವ ವಿಮರ್ಶಕರು ಇದರಲ್ಲಿ ಛಂದಸ್ಸಿನ ಪಾಲೆಷ್ಟೆಂಬುದನ್ನು ಮೊದಲು ಕಳೆಯಬೇಕು. ಒಂದು ಸಂಧಿಯ ಪಾದಗಳಲ್ಲಿ ಲಘು ಗುರುಗಳನ್ನು ವಿದ್ಯಾರ್ಥಿಗಳಿಂದ ಎಣಿಸಿಸಿ ಎಂಟಕ್ಕೆ ಮೂರರೊಡನೆ ಹೋಲಿಸಿದರೆ ಕವಿಯದೆಷ್ಟು, ಕಟ್ಟಿನದೆಷ್ಟು ಎಂಬುದು ತರಗತಿಯಲ್ಲಿಯೇ ಸ್ಪಷ್ಟವಾಗುವುದು.

ಷಟ್ಪ್ರತ್ಯಯಗಳಲ್ಲಿ ಕೊನೆಯದಾದ ಅಧ್ವವನ್ನು ಎಲ್ಲರೂ ನಗೆಯಾಡುವರು: ಪ್ರಸ್ತಾರವನ್ನು ಬರೆಯಲು ಎಷ್ಟು ನೆಲ ಬೇಕೆಂಬ ಲೆಕ್ಕವದು. ಪಂಕ್ತಿಗೊಂದು ಅಂಗುಲ, ನಡುವೆ ಒಂದಂಗುಲ ತೆರಪು. ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆಯಬೇಕು. ಭಾಮಿನಿಯ ಪಾದವನ್ನು ಸ್ವೇಚ್ಛೆಯಾಗಿ ಪ್ರಸ್ತರಿಸಿದರೆ ೧೨೧೯ ಅಂಗುಲ, ಎಂದರೆ ಐವತ್ತು ಮೊಳದ ಮೇಲೆ ಹತ್ತೊಂಬತ್ತು ಅಂಗುಲ ಬೇಕಾಗುವುದು. ಕನ್ನಡದ ನಿಯಮದಂತೆ ಬರೆದರೆ ೧೨೭ ಅಂಗುಲ: ಐದು ಮೊಳ, ಏಳು ಅಂಗುಲ.