ಗಣಿತ ಪಾಠದ ಹೊಂದಾಣಿಕೆ: ಚಿಕ್ಕೋಡಿ–ನಿಪ್ಪಾಣಿ ಸೀಮೆ

ಒಂದೇ ತರಗತಿಯ ಮಕ್ಕಳ ಮನೆಮಾತು, ಕಲಿಯುವ ವೇಗ, ದೇಹದ ಇತಿಮಿತಿ ಬೇರೆಬೇರೆಯಾಗಿರುವಾಗ, ಲೆಕ್ಕದ ತಿರುಳನ್ನು ಕೈಬಿಡದೆ ಕಲಿಸುವ ದಾರಿಯನ್ನು ಬದಲಿಸಿಕೊಳ್ಳುವ ಬೋಧನಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬ ಮಕ್ಕಳು ಬಹಳ.

ಹಿನ್ನೆಲೆ: ಕನ್ನಡದಲ್ಲಿ ಗಣಿತ ಬರೆದ ಮೊದಲಿಗ ರಾಜಾದಿತ್ಯ (12ನೆಯ ಶತಮಾನ) ಪೂವಿನಬಾಗೆಯವನು. ಈ ಊರನ್ನು ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಹಾವೀರಾಚಾರ್ಯ 9ನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ್ದ. ರಾಜಾದಿತ್ಯ 'ವ್ಯವಹಾರಗಣಿತ'ದಲ್ಲಿ ತ್ರೈರಾಶಿಕ, ಪಂಚರಾಶಿಕ ಮುಂತಾದ ಸೂತ್ರಗಳನ್ನು ಉದಾಹರಣೆಗಳೊಡನೆ ಜನರ ನುಡಿಗೆ ತಂದ. ಕಲಿಯುವವನ ಭಾಷೆಗೆ ಲೆಕ್ಕವನ್ನು ಒಗ್ಗಿಸುವ ಕೆಲಸ ಈ ಸೀಮೆಯಲ್ಲಿ ಅಷ್ಟು ಹಳೆಯದು.

ಹಿಂದಿನ ಊರಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದುತ್ತಿದ್ದರು, ಮಗ್ಗಿಯನ್ನು ಒಟ್ಟಾಗಿ ಒಪ್ಪಿಸುತ್ತಿದ್ದರು. ಮುಂದುವರಿದ ಹುಡುಗ ಹಿಂದುಳಿದವನಿಗೆ ಹೇಳಿಕೊಡುತ್ತಿದ್ದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ವರದಿಯಲ್ಲಿ ಈ ಪದ್ಧತಿಯನ್ನು ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ಯೋಗ್ಯವೇ ಎಂದು ದಾಖಲಿಸಿದ. ಕಂಠಪಾಠವೇ ಹೆಚ್ಚಾಗಿದ್ದ ಆ ಶಿಕ್ಷಣಕ್ಕೆ ಮಿತಿಗಳಿದ್ದವು. ಆದರೂ ಪ್ರತಿ ಮಗು ತನ್ನ ಮಟ್ಟದಿಂದ ಮುಂದಕ್ಕೆ ಹೋಗುವ ಅವಕಾಶ ಅಲ್ಲಿತ್ತು.

ಎರಡು ಭಾಷೆಯ ಎಣಿಕೆ: 1956ರ ನವೆಂಬರ್ 1ರಂದು ಈ ಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮರಾಠಿ ಶಾಲೆಗಳು ಮುಂದುವರಿದವು. ಕರ್ನಾಟಕ ಪಠ್ಯಪುಸ್ತಕ ಸಂಘ ಮರಾಠಿ, ಉರ್ದು ಸೇರಿದಂತೆ ಏಳು ಮಾಧ್ಯಮಗಳಲ್ಲಿ ಪುಸ್ತಕ ಹೊರತರುತ್ತದೆ. ಆದರೆ ತೊಡಕು ಪುಸ್ತಕದ ಅನುವಾದದಿಂದ ಬಗೆಹರಿಯುವಂಥದಲ್ಲ, ಅದು ಸಂಖ್ಯೆಯ ಹೆಸರಿನಲ್ಲೇ ಇದೆ. ಕನ್ನಡದ 'ಇಪ್ಪತ್ತೈದು' ಹತ್ತರ ಸ್ಥಾನವನ್ನು ಮೊದಲು ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಮರಾಠಿಯ 'ಪಂಚವೀಸ', ಉರ್ದುವಿನ 'ಪಚ್ಚೀಸ್' ಬಿಡಿಯ ಐದನ್ನು ಮೊದಲು ಹೇಳುತ್ತವೆ. ಕೇಳಿದ ಕ್ರಮದಲ್ಲೇ ಬರೆದ ಮಗುವಿನ ಪಾಟಿಯ ಮೇಲೆ 25 ಹೋಗಿ 52 ಆಗುತ್ತದೆ. 19ಕ್ಕೆ ಮರಾಠಿಯಲ್ಲಿ 'ಏಕೋಣೀಸ', ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಕನ್ನಡದಲ್ಲಿ ಹತ್ತರ ಮೇಲೆ ಒಂಬತ್ತು. ಇಂಥ ತಪ್ಪನ್ನು ದಡ್ಡತನವೆಂದು ಎಣಿಸುವುದು ಮಗುವಿಗೆ ಮಾಡುವ ಅನ್ಯಾಯ. ಪರಿಹಾರ ಸರಳ: ಹತ್ತು ಕಡ್ಡಿಗಳ ಎರಡು ಕಟ್ಟು, ಪಕ್ಕದಲ್ಲಿ ಐದು ಬಿಡಿ ಕಡ್ಡಿ. ಮಗು ಮೊದಲು ತನ್ನ ಭಾಷೆಯಲ್ಲಿ ಹೆಸರು ಹೇಳಿ, ಕಟ್ಟು ಮುಟ್ಟಿ 2, ಬಿಡಿ ಮುಟ್ಟಿ 5 ಬರೆಯುತ್ತದೆ. ಆಮೇಲೆ ಶಾಲೆಯ ಭಾಷೆಯ ಹೆಸರು. 2019ರಲ್ಲಿ ಮಹಾರಾಷ್ಟ್ರದ 2ನೆಯ ತರಗತಿಯ ಗಣಿತ ಪುಸ್ತಕ ಇದೇ ತೊಡಕಿಗೆ 'ವೀಸ ಪಾಚ' (ಇಪ್ಪತ್ತು ಐದು) ಎಂಬ ರೀತಿಯನ್ನು ತಂದಾಗ ದೊಡ್ಡ ವಿವಾದವೆದ್ದಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರಳೀಕರ ಅದನ್ನು ಮಕ್ಕಳ ಅನುಕೂಲದ ದೃಷ್ಟಿಯಿಂದ ಸಮರ್ಥಿಸಿಕೊಂಡರು.

ನಲಿ-ಕಲಿಯಿಂದ ಈಚೆಗೆ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಮಾದರಿಯಲ್ಲಿ ಶುರುವಾದ ನಲಿ-ಕಲಿ ಎಂಬ ಬೋಧನಕ್ರಮ 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು ಇದರ ಸಾಧನಗಳು. ಮಕ್ಕಳು ಶಿಕ್ಷಕರ ನೆರವು, ಸಹಪಾಠಿಯ ನೆರವು, ಸ್ವಂತ ಕಲಿಕೆ ಎಂಬ ಗುಂಪುಗಳಲ್ಲಿ ಕೂರುತ್ತಾರೆ. ಕಬ್ಬಿನ ಕಟಾವಿಗೋ ಜ್ವರಕ್ಕೋ ಶಾಲೆ ತಪ್ಪಿಸಿದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮತ್ತೆ ಏರಬಹುದು. ಸಕ್ಕರೆ ಕಾರ್ಖಾನೆಗಳ ಈ ಸೀಮೆಗೆ ಇದು ಬಹುಮುಖ್ಯ ಗುಣ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನ 4 ಮತ್ತು 5ನೆಯ ತರಗತಿಗೆ ಮಣಿಕಟ್ಟು, ಭಿನ್ನರಾಶಿಯ ತುಂಡು, ಆಟದ ನೋಟುಗಳಿರುವ ಪೆಟ್ಟಿಗೆ ಕೊಟ್ಟು, ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಸಾಗುವ ಕ್ರಮವನ್ನು ರೂಢಿಗೆ ತಂದಿತು.

2009ರ ಶಿಕ್ಷಣ ಹಕ್ಕು ಕಾಯ್ದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಮನ್ವಯ ಶಿಕ್ಷಣಕ್ಕೆ ಕಾನೂನಿನ ಬಲ ಕೊಟ್ಟವು. ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಕಣ್ಣು ಕಾಣದ ಮಗುವಿಗೆ ಮಣಿಕಟ್ಟು, ಕಿವಿ ಕೇಳದ ಮಗುವಿಗೆ ಚಿತ್ರ ಮತ್ತು ಸಂಜ್ಞೆ, ನಿಧಾನವಾಗಿ ಕಲಿಯುವ ಮಗುವಿಗೆ ಚಿಕ್ಕ ಸಂಖ್ಯೆ, ಹೆಚ್ಚು ಸಮಯ: ಹೀಗೆ ಹೊಂದಾಣಿಕೆ ಬೇರೆಬೇರೆ, ಕಲಿಯಬೇಕಾದ ಪರಿಕಲ್ಪನೆ ಒಂದೇ.

ಕೋವಿಡ್ ಕಾಲದ ವಿದ್ಯಾಗಮ ಕಾರ್ಯಕ್ರಮ (2020) ಶಿಕ್ಷಕರನ್ನು ಓಣಿಗಳಿಗೆ ಕಳಿಸಿತು. 2022-23ರ ಕಲಿಕಾ ಚೇತರಿಕೆ ಕಳೆದ ಕಲಿಕೆಯನ್ನು ತುಂಬಿಕೊಡಲು ಹೊರಟಿತು. ಈಚಿನ 'ಗಣಿತ ಗಣಕ' ಕಾರ್ಯಕ್ರಮದಲ್ಲಿ 3ರಿಂದ 5ನೆಯ ತರಗತಿಯ ಮಕ್ಕಳಿಗೆ ಶಿಕ್ಷಕರು ಫೋನಿನಲ್ಲೇ ಲೆಕ್ಕ ಹೇಳಿಕೊಡುತ್ತಾರೆ. ಪಕ್ಕದಲ್ಲಿ ಕುಳಿತ ಪೋಷಕರಿಗೂ ಪಾಠ ಕೇಳಿಸುತ್ತದೆ. ಆ ಪೋಷಕರ ದುಡಿಮೆಯಲ್ಲೂ ಲೆಕ್ಕವಿದೆ: ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ ಬರುತ್ತದೆ. 25ರ ಒಂದು ಕಟ್ಟಾದರೆ ಸಾವಿರಕ್ಕೆ 40 ಕಟ್ಟು. ಪುಸ್ತಕದಲ್ಲಿ ಗುಣಾಕಾರವಾಗಿ ಬರುವ ಈ ಪಾಠ ಆ ಮನೆಯ ಮಗುವಿನ ಕಣ್ಣೆದುರು ದಿನವೂ ಮೊರದಲ್ಲಿ ತುಂಬುತ್ತಿರುತ್ತದೆ. ಶಿಕ್ಷಕರು ಅದನ್ನು ಕೇಳಿ ತಿಳಿದು, ತರಗತಿಯ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬೇಕು.