ಪಾಂಬನ್ ಸೇತುವೆಗೆ ಎಷ್ಟು ತುಕ್ಕು?

ಮಾದರಿ ರೈಲು ಕಟ್ಟುವವರಿಗೆ ಸೇತುವೆಯೆಂದರೆ ತುಕ್ಕು ಬಳಿಯುವ ಸಂಭ್ರಮ. ಕಿಟ್‌ನ ಪ್ಲಾಸ್ಟಿಕ್ ಹೊಳಪನ್ನು ಅಳಿಸಿ, ಅದಕ್ಕೆ ಗಾಳಿ, ಮಳೆ, ಬಿಸಿಲುಗಳ ವಯಸ್ಸು ತರುವುದೇ ಅರ್ಧ ಕೆಲಸ. ಚೆನ್ನೈನ ನನ್ನ ಮನೆಯಲ್ಲಿ ಪಾಂಬನ್ ಸೇತುವೆಯನ್ನು 1:87ರ ಅಳತೆಯಲ್ಲಿ ಕಟ್ಟಲು ಕುಳಿತಾಗ ಮೊದಲು ಬಗೆಹರಿಸಬೇಕಾದದ್ದು ಒಂದೇ: ಇದು ಯಾವ ವರ್ಷದ ಸೇತುವೆ?

ರಾಮೇಶ್ವರಂ ದ್ವೀಪವನ್ನು ಮಂಡಪಂ ಕಡೆಯ ನೆಲಕ್ಕೆ ಜೋಡಿಸಿದ ಈ ಸೇತುವೆ ತೆರೆದದ್ದು 1914ರ ಫೆಬ್ರವರಿ 24ರಂದು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ನನ್ನ ಅಳತೆಗೆ ಇಳಿಸಿದರೂ 23 ಮೀಟರ್ ಆಗುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ! 40 ಅಡಿಯ ಗರ್ಡರುಗಳಲ್ಲಿ ಆರನ್ನು ಮಾತ್ರ ಆರಿಸಿಕೊಂಡೆ. ಒಂದೊಂದೂ 14 ಸೆಂಟಿಮೀಟರ್. ಜೊತೆಗೆ ಹಡಗುಗಳಿಗೆ ದಾರಿ ಬಿಡುವ ಷೆರ್ಜರ್ ಭಾಗ. ಅಮೆರಿಕದ ವಿಲಿಯಂ ಷೆರ್ಜರ್ ರೂಪಿಸಿದ ಈ ಬಗೆಯಲ್ಲಿ ಸೇತುವೆಯ ರೆಕ್ಕೆಗಳು ಬಾಗಿದ ತಳದ ಮೇಲೆ ಹಿಂದಕ್ಕೆ ಉರುಳಿ ಮೇಲೇಳುತ್ತವೆ. ಪಾಂಬನ್‌ನಲ್ಲಿ ಅವನ್ನು ಎತ್ತುತ್ತಿದ್ದದ್ದು ಕೆಲಸಗಾರರ ತೋಳ್ಬಲ.

1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿತು. ಅಲ್ಲಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಪ್ರಯಾಣಿಕರ ಸಮೇತ ಕೊಚ್ಚಿಹೋಯಿತು. ಸೇತುವೆಯ ನೂರಕ್ಕೂ ಹೆಚ್ಚು ಗರ್ಡರುಗಳು ಕಡಲು ಸೇರಿದವು. ಷೆರ್ಜರ್ ಭಾಗ ಮಾತ್ರ ನಿಂತಿತ್ತು. ದುರಸ್ತಿಯ ಹೊಣೆ ಬಿದ್ದದ್ದು ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಇ. ಶ್ರೀಧರನ್ ಮೇಲೆ. ಮುಂದೆ ಕೊಂಕಣ ರೈಲ್ವೆ ಕಟ್ಟಿದವರು ಇವರೇ. ಮುಳುಗಿದ ಗರ್ಡರುಗಳನ್ನು ಸಮುದ್ರದಿಂದ ಎತ್ತಿಸಿ, 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು.

ಹಾಗಾಗಿ ನಾನು ಆರಿಸಿಕೊಂಡದ್ದು ಆ ದುರಸ್ತಿಯ ನಂತರದ, ಇನ್ನೂ ಮೀಟರ್ ಗೇಜ್ ಇದ್ದ ಕಾಲವನ್ನು. ಆರು ಗರ್ಡರುಗಳಲ್ಲಿ ಎರಡು, ಕಡಲ ತಳ ಕಂಡು ಬಂದವು ಎಂದಿಟ್ಟುಕೊಂಡೆ. ಅವಕ್ಕೆ ಮೊದಲು ತುಕ್ಕಿನ ಬಣ್ಣ ಬಳಿದು, ತೇವ ಮಾಡಿ ಪುಡಿ ಉಪ್ಪು ಉದುರಿಸಿದೆ. ಒಣಗಿದ ಮೇಲೆ ಅಲ್ಯೂಮಿನಿಯಂ ಬಣ್ಣ ಸಿಂಪಡಿಸಿ, ಒರಟು ಕುಂಚದಿಂದ ಉಪ್ಪನ್ನು ಉಜ್ಜಿ ತೆಗೆದರೆ, ಬಣ್ಣ ಕಿತ್ತು ಒಳಗಿನ ತುಕ್ಕು ಚುಕ್ಕೆಚುಕ್ಕೆಯಾಗಿ ಇಣುಕುತ್ತದೆ. ನಿಜವಾದ ಸೇತುವೆಯನ್ನು ಕೊರೆದದ್ದೂ ಉಪ್ಪೇ.

ಉಳಿದ ಗರ್ಡರುಗಳಲ್ಲಿ ಕೈ ಬಿಗಿಹಿಡಿದೆ. ಇಡೀ ಸೇತುವೆಯನ್ನು ಕೆಂಪಾಗಿಸಿದರೆ ನೋಡಲು ಚೆಂದ, ಆದರೆ ಅದು ಸುಳ್ಳು. ಇಂಥ ಉಪ್ಪುಗಾಳಿಯಲ್ಲಿ ಕಬ್ಬಿಣ ನೂರು ವರ್ಷ ಬಾಳಿದ್ದು ಕೆರೆದು, ಒರೆಸಿ, ಮತ್ತೆ ಮತ್ತೆ ಬಣ್ಣ ಬಳಿದವರಿಂದ. ಇತಿಹಾಸದಲ್ಲಿ ಅವರ ಹೆಸರಿಲ್ಲ. ಆದ್ದರಿಂದ ಕುಂಚ ಸುಲಭವಾಗಿ ತಲುಪದ ಮೂಲೆಗಳು, ರಿವೆಟ್ ಸಾಲುಗಳ ಅಡಿ, ನೀರು ನಿಲ್ಲುವ ಅಂಚುಗಳಲ್ಲಿ ಮಾತ್ರ ಕಂದು ಪುಡಿ ತೀಡಿದೆ. ಕಂಬಗಳ ಬುಡದ ಪಾಚಿಗೆರೆಯನ್ನೂ ಸೆಂಟಿಮೀಟರ್ ದಾಟಲು ಬಿಡಲಿಲ್ಲ. ಅಲ್ಲಿನ ಉಬ್ಬರವಿಳಿತ ಒಂದು ಮೀಟರಿಗಿಂತ ಕಡಿಮೆ.

ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ನಿಂತಿತು. ಪಕ್ಕದಲ್ಲೇ ಎದ್ದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. ಹಳೆಯದಕ್ಕೆ ಇನ್ನು ಯಾರೂ ಬಣ್ಣ ಬಳಿಯುವುದಿಲ್ಲ. ನನ್ನ ಆರು ಗರ್ಡರುಗಳ ಮೇಲಾದರೂ, ತುಕ್ಕಿಗಿಂತ ಬಣ್ಣವೇ ಹೆಚ್ಚಿರಲಿ.